ಬಕ್‌ಹಾರ್ನ್ ಸೇತುವೆಯ ಅಡ್ಡತೊಲೆ

ಗುಡುಗಿನಂಥ ಸದ್ದು ಕೇಳಿದಾಗ ಆರ್ಡಿತ್ ಪ್ರೂಯಿಟ್ ಗ್ಯಾರೇಜಿನಲ್ಲಿ ಕುಂಚ ತೊಳೆಯುತ್ತಿದ್ದಳು. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಸದ್ದು ಬಂದದ್ದು ಹೊಳೆಯ ಕಡೆಯಿಂದ. ಅವಳ ಕಣ್ಣು ತಾನಾಗಿಯೇ ಗೋಡೆಗೆ ಒರಗಿಸಿದ್ದ ಫಲಕದತ್ತ ಹೊರಳಿತು. ‘ಎತ್ತರ ಹದಿಮೂರು ಅಡಿ, ಭಾರ ಐದು ಟನ್, ಮೀರಬಾರದು.’ ಅಕ್ಷರಗಳ ಬಣ್ಣ ಇನ್ನೂ ಹಸಿಯಾಗಿತ್ತು.

ನಾಳೆ ಬಕ್‌ಹಾರ್ನ್ ಸೇತುವೆಗೆ ನೂರು ತುಂಬುತ್ತಿತ್ತು. ಹಳೆಯ ಅರವತ್ತಾರನೇ ಹೆದ್ದಾರಿಯಲ್ಲಿ, ಒಕ್ಲಹೋಮಾದ ಈ ಮೂಲೆಯಲ್ಲಿ, ಆ ಕಾಲದ ಕಬ್ಬಿಣದ ಸೇತುವೆ ಎಂದು ಉಳಿದಿದ್ದುದು ಅದೊಂದೇ. ಕೆಡವಲು ಬಂದವರನ್ನು ಆರ್ಡಿತ್ ಹನ್ನೊಂದು ವರ್ಷ ತಡೆದಿದ್ದಳು. ರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸುವ ಮುನ್ನ ನೋಡಿಹೋಗಲು ಅಧಿಕಾರಿಯೊಬ್ಬಳು ಬೆಳಿಗ್ಗೆ ಬರುವವಳಿದ್ದಳು. ನೂರರ ಹಬ್ಬಕ್ಕೆ ಎಲ್ಲವೂ ಲಕಲಕ ಅನ್ನಬೇಕೆಂದು ಸೇತುವೆಯ ಬಾಯಲ್ಲಿದ್ದ ಮಾಸಿದ ಫಲಕವನ್ನೂ ಬಿಚ್ಚಿ ತಂದಿದ್ದಳು. ಒಂದು ದಿನಕ್ಕೆ ಯಾರು ಬಂದಾರು, ದೊಡ್ಡ ಗಾಡಿಗಳೆಲ್ಲ ಹೊಸ ರಸ್ತೆಯಲ್ಲೇ ಹೋಗುತ್ತವಲ್ಲ ಅಂದುಕೊಂಡಿದ್ದಳು.

ಓಡಿದಳು. ಸೇತುವೆಯ ಬಾಯಲ್ಲಿ ಹಂದಿ ಸಾಗಿಸುವ ಲಾರಿಯೊಂದು ಸಿಕ್ಕಿಕೊಂಡಿತ್ತು. ಮುಂಭಾಗ ಪೂರ್ತಿ ಸೇತುವೆಯ ಮೇಲೆ, ಹಿಂದಿನ ಟ್ರೇಲರು ಅರ್ಧ ದಾರಿಯಲ್ಲಿ. ಎರಡು ಕಂಬಗಳ ನಡುವಿನ ಮೇಲಿನ ಅಡ್ಡತೊಲೆ ಬಾಗಿ ಟ್ರೇಲರಿನ ತಗಡಿನೊಳಕ್ಕೆ ಹಲ್ಲೂರಿತ್ತು. ಒಳಗೆ ನೂರೈವತ್ತು ಹಂದಿಗಳು ಕಿವಿ ಕಿತ್ತುಹೋಗುವಂತೆ ಅರಚುತ್ತಿದ್ದವು. ಅವು ಒಂದು ಮಗ್ಗುಲಿಗೆ ನುಗ್ಗಿದಾಗಲೆಲ್ಲ ಇಡೀ ಸೇತುವೆ ನರಳುತ್ತಿತ್ತು.

ಚಾಲಕ ಲಾನಿ ಟೀಗ್ ಆಗಲೇ ಕೆಳಗಿಳಿದು ನಿಂತಿದ್ದ. ಮೂವತ್ತು ದಾಟಿರದ ಆಳು. “ಹೊಸ ರೋಡಲ್ಲಿ ಆಕ್ಸಿಡೆಂಟು, ಫೋನು ಈ ಕಡೆ ತಿರುಗಿಸ್ತು. ಒಂದಾದ್ರೂ ಬೋರ್ಡ್ ಇತ್ತಾ ಹೇಳಿ ಅಮ್ಮಾ? ಒಂದಾದ್ರೂ?”

ಆರ್ಡಿತ್ ಬಣ್ಣ ಮೆತ್ತಿದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡಳು.

ಅಷ್ಟರಲ್ಲಿ ಅವಳ ತಮ್ಮ ಡೆಲ್ಮರ್ ವ್ಯಾನು ತಂದು ನಿಲ್ಲಿಸಿದ. ಬೆಸುಗೆಯವನು, ಸೇತುವೆಯ ಒಂದೊಂದು ಮೊಳೆಯೂ ಅವನಿಗೆ ಗೊತ್ತು. ಕೆಳಗೆ ಇಳಿದು ನೋಡಿ ಬಂದವನ ಮುಖ ಬಿಳಚಿತ್ತು. “ಕೆಳಗಿನ ತೊಲೆ ಗೇಣುದ್ದ ಜಗ್ಗಿದೆ ಅಕ್ಕ. ಎರಡು ಮೊಳೆ ಹಾರಿಹೋಗಿವೆ.”

“ಕ್ರೇನು?”

“ತುಲ್ಸಾದಿಂದ ಬರ್ಬೇಕು. ಮೂರು ತಾಸು. ಅಷ್ಟೊತ್ತಿಗೆ ಹಂದಿಗಳು ಹೊಳೆಯಲ್ಲಿ ಈಜ್ತಿರ್ತವೆ.”

“ಟೈರಿನ ಗಾಳಿ ಬಿಟ್ರೆ?”

“ಬಿಟ್ಟು ನೋಡ್ದೆ,” ಎಂದ ಲಾನಿ. “ಎರಡಂಗುಲ ಇಳೀತು, ಸಾಲ್ಲಿಲ್ಲ. ಹಂದಿ ಇಳಿಸೋಣ ಅಂದ್ರೆ ಟ್ರೇಲರ್ ಹಗುರಾಗಿ ಮೇಲೇಳುತ್ತೆ, ಇನ್ನೂ ಕಚ್ಕೊಳ್ಳುತ್ತೆ.”

ಟಪ್ ಎಂದು ಇನ್ನೊಂದು ಮೊಳೆ ಸಿಡಿದು ನೀರಿಗೆ ಬಿತ್ತು. ಮೂವರೂ ಆ ಕಡೆ ನೋಡಿದರು.

“ಮೇಲಿನ ಅಡ್ಡತೊಲೆ ಕತ್ತರಿಸು,” ಎಂದಳು ಆರ್ಡಿತ್.

ಡೆಲ್ಮರ್ ನಗಲಿಲ್ಲ. “ಒಂದು ನಟ್ಟು ಹೊಸದು ಹಾಕ್ತೀನಿ ಅಂದಿದ್ದಕ್ಕೆ ಆರು ತಿಂಗಳು ಮಾತು ಬಿಟ್ಟವಳು ನೀನು. ನಾಳೆ ಆಯಮ್ಮ ಬರ್ತಾಳೆ. ಮೂಲ ಕಬ್ಬಿಣ ಮುಟ್ಟಿದ್ರೆ ಪಟ್ಟಿಗೆ ಮಣ್ಣು.”

“ಗೊತ್ತು. ಕತ್ತರಿಸು.”

ಡೆಲ್ಮರ್ ವ್ಯಾನಿನಿಂದ ಕಬ್ಬಿಣ ಕತ್ತರಿಸುವ ಅನಿಲದ ಸಿಲಿಂಡರು ಇಳಿಸಿ ಏಣಿ ಹಾಕಿದ. “ತೊಲೆ ಬಿಟ್ಟ ತಕ್ಷಣ ಗಾಡಿ ಹಿಂದಕ್ಕೆ ಬರ್ಬೇಕು. ನಿಂತ್ರೆ ಕೆಟ್ಟೆ. ಹತ್ತಪ್ಪ ಮೇಲೆ.”

ಲಾನಿ ಹೆಜ್ಜೆ ಕಿತ್ತಿಡಲಿಲ್ಲ. “ಅದರ ಮೇಲಾ? ನನಗೆ ನಾಲ್ಕು ತಿಂಗಳ ಮಗು ಇದೆ. ಹಂದಿ ಸತ್ರೆ ಸಾಯ್ಲಿ.”

ಆರ್ಡಿತ್ ಅವನೆದುರು ನಿಂತಳು. “ಬೋರ್ಡ್ ಇತ್ತು. ಬಣ್ಣ ಹಚ್ಚೋಕೆ ಅಂತ ನಿನ್ನೆ ಸಂಜೆ ನಾನೇ ಬಿಚ್ಕೊಂಡು ಹೋದೆ. ಇದು ನಿನ್ನ ತಪ್ಪಲ್ಲ, ನನ್ನದು. ಪಕ್ಕದ ಸೀಟಲ್ಲಿ ನಾನು ಕೂತ್ಕೋತೀನಿ.”

ಲಾನಿ ಅವಳನ್ನು ದಿಟ್ಟಿಸಿದ. “ಹುಚ್ಚು ಮುದುಕಿ,” ಎಂದಷ್ಟೇ ಹೇಳಿ ಹತ್ತಿದ. ಅವಳೂ ಹತ್ತಿದಳು.

ಹಿಂದೆ ಟ್ರೇಲರಿನ ತಗಡಿನ ಮೇಲೆ ಕಿಡಿಗಳು ಸುರಿಯುವುದು ಕನ್ನಡಿಯಲ್ಲಿ ಕಾಣತೊಡಗಿತು. ಲಾನಿ ಹಲ್ಲು ಕಚ್ಚಿ ಸ್ಟೀರಿಂಗ್ ಹಿಡಿದಿದ್ದ, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಕಾಲಡಿಯ ಹಲಗೆಗಳು ಒಂದೊಂದಾಗಿ ಚಿಟಿಚಿಟಿ ಎನ್ನುವುದು ಆರ್ಡಿತಳ ಅಂಗಾಲಿಗೇ ತಿಳಿಯುತ್ತಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಈ ಸೇತುವೆಯೆಂದರೆ ಅವಳಿಗೆ ಭಯವಾಯಿತು.

“ಮಗು ಹೆಸರೇನು?”

“ಮಾತಾಡಿಸ್ಬೇಡಿ,” ಎಂದ ಲಾನಿ. ಆಮೇಲೆ, “ಜೋಲೀನ್” ಎಂದ.

ಫಿರಂಗಿಯಂತೆ ಸಿಡಿದು ತೊಲೆ ಒಂದು ಕಡೆ ಬಿಟ್ಟುಕೊಂಡಿತು. ಡೆಲ್ಮರ್ ಏಣಿಯಿಂದ ಉರುಳಿದ್ದು ಕನ್ನಡಿಯಲ್ಲಿ ಕಂಡಿತು. “ಹೋಗು! ಹೋಗು!” ಎಂದು ಅವನು ನೆಲದಿಂದಲೇ ಕೂಗಿದ. ಲಾರಿ ಹಿಂದಕ್ಕೆ ಜಗ್ಗಿತು, ಮೂರು ಅಡಿ, ಆರು ಅಡಿ. ಧಡ್ ಎಂದು ಬಲಗಡೆಯ ಹಲಗೆ ಮುರಿದು ಚಕ್ರ ಕುಸಿಯಿತು. ಲಾನಿಯ ಕಾಲು ಬ್ರೇಕಿಗೆ ಹೋಯಿತು.

“ನಿಲ್ಲಿಸ್ಬೇಡ!” ಆರ್ಡಿತ್ ಅವನ ತೊಡೆಗೆ ಗುದ್ದಿದಳು. “ಒತ್ತೋ, ಒತ್ತು!”

ಒತ್ತಿದ. ಚಕ್ರ ಕಬ್ಬಿಣದ ಅಂಚನ್ನು ಹಿಡಿದು, ಜಾರಿ, ಮತ್ತೆ ಹಿಡಿದು ಮೇಲೆದ್ದಿತು. ಗಾಡಿ ಗಟ್ಟಿ ನೆಲಕ್ಕೆ ಬಂದ ಮೇಲೂ ಲಾನಿ ನೂರು ಗಜ ಹಿಂದಕ್ಕೇ ಹೋದ. ನಿಲ್ಲಿಸಲು ಅವನಿಗೆ ತೋಚಲಿಲ್ಲ.

ಡೆಲ್ಮರನಿಗೆ ಭುಜ ತರಚಿತ್ತು, ಅಷ್ಟೇ. ಸೇತುವೆ ನಿಂತಿತ್ತು, ಸೊಟ್ಟಗೆ.

ಮರುದಿನ ಬೆಳಿಗ್ಗೆ ಹಬ್ಬದ ಮೆರವಣಿಗೆಗೆಂದು ಬಂದ ಹಳೆಯ ಕಾರುಗಳ ಸಾಲು ಈಚೆ ದಡದಲ್ಲೇ ನಿಂತುಕೊಂಡಿತು. ಅಧಿಕಾರಿ ಲೋರೀನ್ ಸ್ಯಾಕ್ಸ್ ಕತ್ತರಿಸಿದ ತುದಿಯನ್ನು ಮುಟ್ಟಿ ನೋಡಿ ಕೇಳಿದಳು, “ಯಾರು ಕತ್ತರಿಸಿದ್ದು?”

ಡೆಲ್ಮರ್ ಬಾಯಿ ತೆರೆಯುವ ಮೊದಲೇ ಆರ್ಡಿತ್ ಎಲ್ಲವನ್ನೂ ಹೇಳಿದಳು, ಫಲಕ ಬಿಚ್ಚಿದ್ದನ್ನೂ ಸೇರಿಸಿ.

ಲೋರೀನ್ ಬರೆದುಕೊಂಡಳು. “ಈ ವರ್ಷ ಪಟ್ಟಿಗೆ ಸೇರಲ್ಲ. ರಿಪೇರಿ ಆಗ್ಲಿ, ಎಂಜಿನಿಯರ್ ನೋಡ್ಲಿ. ಆಮೇಲೆ ಹೊಸದಾಗಿ ಅರ್ಜಿ ಹಾಕಿ. ಖಾತ್ರಿ ಅಂತ ನಾನು ಹೇಳಲ್ಲ.” ಪುಸ್ತಕ ಮುಚ್ಚಿ, “ಆ ತೊಲೆಯ ತುಂಡು ಗುಜರಿಗೆ ಹಾಕ್ಬಿಡ್ಬೇಡಿ, ಅದನ್ನೇ ಮತ್ತೆ ಕೂರಿಸ್ಬೇಕಾಗುತ್ತೆ,” ಎಂದಳು.

ಸೇರಿದ್ದ ಜನ ಆರ್ಡಿತಳ ಮುಖ ನೋಡುತ್ತಿದ್ದರು. “ಹಬ್ಬ ಇದೆಯೋ ಇಲ್ವೋ?” ಎಂದು ಯಾರೋ ಹಿಂದಿನಿಂದ ಕೂಗಿದರು.

“ಇದೆ. ಸೇತುವೆ ಮೇಲಲ್ಲ, ಕೆಳಗೆ ಹೊಳೆ ದಂಡೇಲಿ. ಕಾರು ಬಿಟ್ಟು ಇಳೀರಿ,” ಎಂದಳು ಅವಳು. ಎಲ್ಲರಿಗಿಂತ ಮೊದಲು ತಾನೇ ದಡದ ಕಲ್ಲು ಹಿಡಿದು ಹೊಳೆಗೆ ಇಳಿಯತೊಡಗಿದಳು. ಕಲ್ಲು ಪಾಚಿಗಟ್ಟಿ ಜಾರುತ್ತಿತ್ತು. ಕೈಕೊಡಲು ಬಂದ ಡೆಲ್ಮರನನ್ನು ಈ ಸಲ ಅವಳು ಬೇಡವೆನ್ನಲಿಲ್ಲ.