ಜಮ್ಮುಲಮ್ಮನ ವಿಮಾನ

ನಾರಾಯಣಪೇಟೆ ಜಿಲ್ಲೆ ಆದ ವರ್ಷ ನಮ್ಮೂರ ಪಟೇಲ ಶ್ರೀರಾಮುಲುನ ಮೈಮ್ಯಾಲೆ ಚರಿತ್ರೆ ಬಂತು. ದೇವ್ರು ಬಂದ್ರ ಒಂದು ತಾಸಿಗೆ ಇಳಿತೈತಿ, ಇದು ಇಳೀಲಿಲ್ಲ. ತೆಲಂಗಾಣ ಬಂದು ಐದು ವರ್ಷ ಆಗಿತ್ತು, ಪಟೇಲ್ಕಿ ಹೋಗಿ ಮೂವತ್ತು ವರ್ಷದ ಮ್ಯಾಲಾಗಿತ್ತು. ಆದ್ರೂ ‘ಪಟೇಲ್ರೀ’ ಅಂತ ಕರದ್ರನ ಅವ ತಿರುಗಿ ನೋಡೋದು. ಹೆಸರು ಹಿಡದು ಕರದ್ರ ಕಿವಿ ಕೇಳಸಂಗಿಲ್ಲ.

ಆ ಚರಿತ್ರೆ ಈಗ ಮಕ್ತಲ್ ರೋಡಿನ ಕೂಟಿನಾಗ ನಿಂತೈತಿ, ಬೇಕಾದ್ರ ಹೋಗಿ ನೋಡ್ರಿ. ಸಿಮೆಂಟಿನ ಯುದ್ಧವಿಮಾನ. ಕಟ್ಟಿದಾವ ಊರೂರಿಗೆ ನೀರಿನ ಟ್ಯಾಂಕ್ ಕಟ್ಟೋ ಮೇಸ್ತ್ರಿ, ಅವನಿಗೆ ಬೇರೆ ಆಕಾರ ಗೊತ್ತಿಲ್ಲ. ಗುಂಡಗ ಹೊಟ್ಟಿ, ಎರಡೂ ಕಡೆ ಕಿವಿಯಂಗ ರೆಕ್ಕಿ, ಮೂಗಿಗೆ ಸೀಲಿಂಗ್ ಫ್ಯಾನಿನ ಮೂರು ಪಂಕ. ಅದು ಹಾರ್ತೈತಿ ಅಂದ್ರ ಯಾರೂ ನಂಬಂಗಿಲ್ಲ, ಈಸ್ತೈತಿ ಅಂದ್ರ ನಂಬಬೋದು. ಅದರ ಕೆಳಗೊಂದು ಕಪ್ಪು ಕಲ್ಲು. ‘ಹೈದರಾಬಾದ್ ಸ್ಕ್ವಾಡ್ರನ್‌ಗೆ ಯುದ್ಧವಿಮಾನ ದಾನ ಮಾಡಿದ ಮಹಾದಾತ ವೆಂಕಟಯ್ಯ ಪಟೇಲ್’ ಅಂತ ತೆಲುಗಿನಾಗ ಬಂಗಾರದ ಅಕ್ಷರ. ಈ ವೆಂಕಟಯ್ಯ ಅಂದ್ರ ಶ್ರೀರಾಮುಲುನ ತಾತ.

ಹೈದರಾಬಾದ್ ಸ್ಕ್ವಾಡ್ರನ್ ಅಂತ ಒಂದು ಇತ್ತು, ಅದು ಸುಳ್ಳಲ್ಲ. ಹಿಟ್ಲರನ ಯುದ್ಧದಾಗ ನಿಜಾಮರು ಬ್ರಿಟಿಷರಿಗೆ ವಿಮಾನಕ್ಕಂತ ರೊಕ್ಕ ಕೊಟ್ಟಿದ್ರು, ಅವರು ಒಂದು ವಿಮಾನದಳಕ್ಕ ಹೈದರಾಬಾದ್ ಹೆಸರು ಇಟ್ಟಿದ್ರು. ಇಷ್ಟನ್ನ ಶ್ರೀರಾಮುಲು ಫೋನಿನಾಗ ನೋಡಿದ. ಅವನ ತಾತ ಆಗ ನಮ್ಮೂರಾಗ ಮನಿಮನಿ ತಿರುಗಿ ಯುದ್ಧದ ಚಂದಾ ಎತ್ತಿದ್ದ. ಎತ್ತಿದಾವ ಮೊಮ್ಮಗನ ಬಾಯಾಗ ಕೊಟ್ಟಾವ ಆಗಿಬಿಟ್ಟ. ಚಂದಾ ಅಂದದ್ದು ವಾರ ಕಳೆಯೋದ್ರಾಗ ಒಂದು ಇಡೀ ವಿಮಾನ ಆತು.

ಖರೇ ಕೊಟ್ಟಾಕಿ ಯಾರು ಅಂತ ನಮ್ಮ ಮನ್ಯಾಗ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡನ ತಾಯಿ, ನಮ್ಮ ಅತ್ತಿ ಶಂಕ್ರಮ್ಮಗ ಆಗ ಎಂಬತ್ತೈದು. ಆಕಿ ತಾಯಿ ಜಮ್ಮುಲಮ್ಮ, ಗದ್ವಾಲ ಕಡಿಯಾಕಿ. ಗಂಡ ದಮ್ಮಿನಿಂದ ಹಾಸಿಗಿ ಹಿಡದಿದ್ದ, ಅದಕ್ಕ ಆಕಿನೇ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಸೀರಿ ನೇಯ್ದು ಮನಿ ನಡಸ್ತಿದ್ಲು. ವೆಂಕಟಯ್ಯ ಬಾಗಲಿಗೆ ಬಂದ. ಬೆಳ್ಳಿ ಕೊಡದಿದ್ರ ನೂಲು ಸಿಗಂಗಿಲ್ಲ ಅಂತ ಮೊದ್ಲು ಹೆದರಿಸಿದ. ಆಮ್ಯಾಲೆ ದನಿ ಮೆತ್ತಗ ಮಾಡಿ, ನಿನ್ನ ಬೆಳ್ಳಿ ಸೇರಿದ ವಿಮಾನ ಒಂದಿನ ನಿನ್ನ ಮಾಳಿಗಿ ಮ್ಯಾಲೇ ಹಾದು ಹೋಗ್ತೈತಿ, ನೋಡ್ತಿರು ಅಂದ. ಜಮ್ಮುಲಮ್ಮ ಕಾಲಾಗಿನ ಬೆಳ್ಳಿ ಕಡಗ ಎರಡೂ ಬಿಚ್ಚಿ ಕೊಟ್ಲು. ಆಗ ನಮ್ಮ ಅತ್ತಿ ಆರು ವರ್ಷದಾಕಿ, ಕದದ ಹಿಂದ ನಿಂತು ನೋಡಿದ್ಲು.

ಜಮ್ಮುಲಮ್ಮ ಎಂಟು ವರ್ಷ ಕಾದ್ಲು. ಪೊಲೀಸ್ ಆ್ಯಕ್ಷನ್ ಆದಾಗ ಒಂದಿನ ವಿಮಾನ ಬಂತು, ಭಾಳ ಕೆಳಗ ಬಂತು. ಊರಿಗೆ ಊರೇ ಮಂಚದ ಕೆಳಗ ನುಗ್ಗಿತು. ಈಕಿ ಮಾತ್ರ ಮಾಳಿಗಿ ಏರಿ ಸೆರಗು ಬೀಸಿ, ನಂದು ಬಂತು, ನನ್ನ ಕಡಗದ ವಿಮಾನ ಬಂತು ಅಂತ ಕೂಗಿದ್ಲು. ಅದು ನಿಜಾಮರನ್ನ ಇಳಸಾಕ ಬಂದ ವಿಮಾನ. ಮರುದಿನ ಚಾವಡ್ಯಾಗ ವೆಂಕಟಯ್ಯ ಹೊಟ್ಟಿ ಹಿಡಕೊಂಡು ನಕ್ಕ. ಕಾಲ್ಗಡಗ ಕೊಟ್ರ ವಿಮಾನ ಬರ್ತೈತೇನು, ಈಕಿ ನನಗ ಯಾವ ಕಡಗಾನೂ ಕೊಟ್ಟಿಲ್ಲ, ತಲಿ ಕೆಟ್ಟೈತಿ ಅಂದ. ಆವತ್ತಿಂದ ಆಕಿ ‘ಇಮಾನದ ಹುಚ್ಚಿ’. ಹುಚ್ಚಿ ಮಗಳು ಅಂತ ನಮ್ಮ ಅತ್ತಿಗೆ ಬಂದ ಎರಡು ಸಂಬಂಧ ಮುರದು ಹೋದ್ವು. ಜಮ್ಮುಲಮ್ಮ ಸಾಯೋತನಕ ಮ್ಯಾಲೆ ಗುಂಯ್ ಅಂದ್ರ ಸಾಕು, ಅಂಗಳಕ್ಕ ಓಡಿ ಬರ್ತಿದ್ಲಂತ.

ಅದಕ್ಕ ಕಲ್ಲು ಕೂಡಸ್ತಾರಂತ ಕೇಳಿದ್ದ ತಡ, ಅತ್ತಿ ಕೋಲು ಹಿಡದು ಎದ್ಲು. ಕಲ್ಲಿನಾಗ ನಮ್ಮವ್ವನ ಹೆಸರು ಬರ್ಬೇಕು, ಆಕಿ ಹುಚ್ಚಿ ಅಲ್ಲ ಅಂತ ಊರು ಓದ್ಬೇಕು, ಅದನ್ನ ನೋಡೇ ನಾ ಕಣ್ಣು ಮುಚ್ಚೋದು ಅಂದ್ಲು. ನಾ ಜೊತಿಗೆ ಹೋದೆ. ಶ್ರೀರಾಮುಲು ಉಯ್ಯಾಲಿ ಮ್ಯಾಲೆ ಕುಂತಿದ್ದ. ಆಧಾರ ಐತೇನಮ್ಮಾ, ಕಾಗದ ಐತೇನು ಅಂದ. ಅವನ ತಾತ ವಿಮಾನ ಕೊಟ್ಟಿದ್ದಕ್ಕ ಯಾವ ಕಾಗದ ಐತಿ ಅಂತ ನಾ ಕೇಳಿದೆ. ನಮ್ಮ ಮನಿತನದ ಮಾತೇ ಕಾಗದ ಅಂದ. ನೋಡ್ರಿ ಇವರ ಧಿಮಾಕು.

ಪುಣ್ಯಕ್ಕ ಅಲ್ಲಿ ಕೋಸಗಿಯ ಯಂಕಣ್ಣ ಕುಂತಿದ್ದ. ವಾಯುಸೇನೆಯಾಗ ಇಪ್ಪತ್ತು ವರ್ಷ ಯುದ್ಧವಿಮಾನಗಳ ಮೆಕಾನಿಕ್ ಆಗಿ ದುಡದು ಬಂದಾವ. ಸಮಾರಂಭಕ್ಕ ಒಬ್ಬ ಮೆಡಲ್ ಹಾಕ್ಕೊಂಡಾವ ಬೇಕಂತ ಶ್ರೀರಾಮುಲು ಅವನ್ನ ಗಂಟುಬಿದ್ದು ಕರಸಿದ್ದ. ಯಂಕಣ್ಣ ಸಾವಕಾಶ ಹೇಳಿದ: ನಮ್ಮ ಸ್ಕ್ವಾಡ್ರನ್‌ನಾಗ ಒಬ್ಬ ಹಾರಬೇಕಂದ್ರ ಹತ್ತಿಪ್ಪತ್ತು ಜನ ನೆಲದ ಮ್ಯಾಲೆ ದುಡೀಬೇಕು, ನಟ್ಟು ಬಿಗಿ ಮಾಡಿದಾವನ ಹೆಸರು ಯಾವ ವಿಮಾನದ ಮ್ಯಾಲೂ ಬರಂಗಿಲ್ಲ, ಈ ತಾಯಿ ಹೆಸರಾರ ಬರಲಿ, ಇಲ್ಲಂದ್ರ ನಾ ಬರಂಗಿಲ್ಲ. ಮೆಡಲ್ ಕೈ ತಪ್ಪತೈತಿ ಅಂತ ಶ್ರೀರಾಮುಲು ಹೂಂ ಅಂದ. ಕಲ್ಲಿನ ತಳದಾಗ, ಇರುವಿ ಸಾಲಿನಷ್ಟು ಸಣ್ಣಗ, ‘ಬೆಳ್ಳಿ ಕಡಗ ನೀಡಿದ ಜಮ್ಮುಲಮ್ಮ’ ಅಂತ ಕೊರಸಿದ. ಅತ್ತಿ ಆ ಅಕ್ಷರದ ಮ್ಯಾಲೆ ಬೆರಳಾಡಿಸಿ ಅತ್ಲು. ನಾನೂ ಅತ್ತೆ, ಸುಳ್ಯಾಕ ಹೇಳ್ಲಿ.

ಜೂನ್ ಎರಡಕ್ಕ, ತೆಲಂಗಾಣ ಆದ ದಿನ, ಮುಂಜಾನೆ ಸಮಾರಂಭ. ಶಾಮಿಯಾನದ ಕೆಳಗ ನೇಕಾರ ಓಣಿಯ ಹೆಂಗಸರೆಲ್ಲ ಕುಂತಿದ್ವಿ. ಯಂಕಣ್ಣ ಮಾತಾಡಿದ. ಆ ಸ್ಕ್ವಾಡ್ರನ್ ಇಂಗ್ಲೆಂಡಿನ ಸಮುದ್ರದಂಡಿ ಕಾಯ್ತಿತ್ತಂತ, ಆಮ್ಯಾಲೆ ಬರ್ಮಾ ಕಡೆ ಬಂತಂತ, ಅದರ ಬಿಲ್ಲೆ ಮ್ಯಾಲೆ ನಿಜಾಮರ ದಸ್ತಾರ್, ಅಂದ್ರ ಅವರ ಪಗಡಿ, ಇತ್ತಂತ. ಹಾರ್ತಿದ್ದಾವರು ಇಪ್ಪತ್ತರ ಆಚೀಚಿನ ಹುಡುಗರು. ಮುಂಜಾನೆ ಚಹಾ ಕುಡದು ಹೋದಾವರ ಕುರ್ಚಿ ಎಷ್ಟೋ ಸಲ ಮಧ್ಯಾಹ್ನ ಖಾಲಿ ಇರ್ತಿತ್ತು ಅಂದ. ಯಾವ ವಿಮಾನಾನೂ ಒಬ್ಬರ ದಾನ ಅಲ್ಲ, ನಾಡೆಲ್ಲಾ ಕೊಟ್ಟದ್ದು ಅಂತನೂ ಅಂದ. ಆಗ ಶ್ರೀರಾಮುಲುಗ ಕೆಮ್ಮು ಬಂತು.

ವೇದಿಕಿ ಪಕ್ಕದಾಗ ಒಂದು ಮೇಜು ಹಾಕಿದ್ರು. ವೆಂಕಟಯ್ಯ ಪಟೇಲರ ಸಾಮಾನು ಅಂತ ಅಲ್ಲಿ ರುಮಾಲು, ಕೋಲು, ಹಿತ್ತಾಳಿ ದೌತಿ ಇಟ್ಟಿದ್ರು. ಕೊನಿಗೆ ಕೆಂಪು ಬಟ್ಟಿ ಮ್ಯಾಲೆ ಒಂದು ಜೊತಿ ಬೆಳ್ಳಿ ಕಡಗ. ಚೀಟಿ ಮ್ಯಾಲೆ ‘ನಮ್ಮ ಅಜ್ಜಿಯವರ ಆಭರಣ’. ಅತ್ತಿ ಅಲ್ಲೇ ನಿಂತುಬಿಟ್ಲು. ಒಂದು ಕಡಗ ತಗೊಂಡು ತಿರುವಿ ನನಗ ತೋರಿಸಿದ್ಲು. ಹೊರಗಿನ ಬದಿ ಸವದು ಚಪ್ಪಟಿ ಆಗಿತ್ತು. ಅದನ್ನ ನನಗ ಯಾರೂ ಬಿಡಿಸಿ ಹೇಳೋದು ಬ್ಯಾಡ. ವರ್ಷಗಟ್ಟಲೆ ಮಗ್ಗದ ಕುಣ್ಯಾಗ ಕುಂತು ತುಳದ್ರ ಬಲಗಾಲಿನ ಕಡಗ ಕುಣಿ ಕಲ್ಲಿಗೆ ತಿಕ್ಕಿ ಹಿಂಗೇ ಸವೀತೈತಿ, ನನ್ನ ಹಡದವ್ವಂದೂ ಹಂಗೇ ಇತ್ತು. ಪಟೇಲನ ಹೆಂಡ್ತಿ ಯಾವತ್ತು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟಿದ್ಲು? ಆಕಿ ಕಾಲು ಉಯ್ಯಾಲಿಯಿಂದ ಇಳೀತಿರಲಿಲ್ಲ.

ನಾ ಕಳ್ಳರು ಅಂತ ಬಾಯಿ ತೆರದೆ. ಅತ್ತಿ ನನ್ನ ಕೈ ಗಟ್ಟಿ ಹಿಡದ್ಲು. ಆಗ ನನಗ ತಿಳೀತು. ಕಡಗ ಇವರ ಮನ್ಯಾಗ ಉಳದಾವ ಅಂದ್ರ ವಿಮಾನಕ್ಕ ಮುಟ್ಟಿಲ್ಲ. ಮುಟ್ಟಿಲ್ಲ ಅಂದ್ರ ಕಲ್ಲಿನ ಮ್ಯಾಲಿನ ಹೆಸರು ಸುಳ್ಳು, ಜಮ್ಮುಲಮ್ಮ ಮತ್ತ ಇಮಾನದ ಹುಚ್ಚಿ. ಸುಮ್ಕಿದ್ರ ಹೆಸರು ಉಳೀತೈತಿ, ಕಳುವೂ ಉಳೀತೈತಿ. ಎಂಥಾ ಹಲ್ಕಟ್ ಕೆಲಸ ಮಾಡಿಟ್ಟಿದ್ದ ಆ ಮುದುಕ ವೆಂಕಟಯ್ಯ.

ಅಷ್ಟ್ರಾಗ ಮೈಕಿನಾಗ ಅತ್ತಿ ಹೆಸರು ಕರದ್ರು, ದಾನಿಯ ಮಗಳು ಅಂತ ಶಾಲು ಹಾಕಾಕ. ಅತ್ತಿ ಕಡಗ ಎರಡೂ ಕೈಯಾಗ ಹಿಡಕೊಂಡೇ ವೇದಿಕಿ ಏರಿದ್ಲು.

“ಇವು ನಮ್ಮವ್ವನ ಕಡಗ. ಬಲಗಾಲಿಂದು ಕುಣಿಗೆ ತಿಕ್ಕಿ ಸವದೈತಿ, ಮಗ್ಗದಾಗ ಕುಂತಾವ್ರು ಬಂದು ನೋಡ್ರಿ. ವಿಮಾನಕ್ಕಂತ ಕೊಟ್ಟಿದ್ಲು. ಇಲ್ಲೇ ಉಳದಾವ.”

ನಮ್ಮ ಓಣಿ ಹೆಂಗಸರು ಒಬ್ಬೊಬ್ಬರೇ ಎದ್ದು ಹೋಗಿ ಆ ಸವಕಲು ಮುಟ್ಟಿ ನೋಡಿದ್ರು. ಮುಟ್ಟಿ ಶ್ರೀರಾಮುಲುನ ಮುಖ ನೋಡಿದ್ರು. ಅವ ಬೆವರು ಒರೆಸ್ಕೊಂಡು, ಪೊರಪಾಟು ಆಗಿರಬೇಕು, ತಪ್ಪಿ ಬಂದಿರಬೇಕು ದೊಡ್ಡಮ್ಮಾ, ನೀವೇ ಒಯ್ರಿ ಅಂದ. ಅಗ್ಗದಾಗ ಪಾರಾಗಾಕ ನೋಡಿದ.

“ನನಗ ಬ್ಯಾಡ,” ಅಂದ್ಲು ಅತ್ತಿ. “ಕೊಟ್ಟದ್ದು ತಿರುಗಿ ಇಸಗೊಳ್ಳಾಕ ನಮ್ಮವ್ವ ಹುಚ್ಚಿ ಅಲ್ಲ. ನಿಮ್ಮ ತಾತ ಮುಟ್ಟಿಸಲಿಲ್ಲ. ವಿಮಾನ ಅಲ್ಲೇ ನಿಂತೈತಿ, ನೀವು ಮುಟ್ಟಿಸ್ರಿ.”

ಮಹಾದಾತನ ಮೊಮ್ಮಗ ಇಲ್ಲ ಅನ್ನೋದು ಹೆಂಗ? ಆ ಕಲ್ಲು ಕೊರಸಿದಾವ ಅವನೇ. ಮೇಸ್ತ್ರಿ ನಿಚ್ಚಣಿಕಿ ತಂದ. ಗರಿಗರಿ ಇಸ್ತ್ರಿ ಮಾಡಿದ ಬಿಳಿ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ ಶ್ರೀರಾಮುಲು ಒಂದೊಂದೇ ಮೆಟ್ಲು ಏರಿದ. ಬಿಸಲಿಗೆ ಆ ನೀರಿನ ಟ್ಯಾಂಕು ಕಾದು ಕೆಂಡ ಆಗಿತ್ತು. ಫ್ಯಾನಿನ ನಡುವಿಗೆ ಎರಡೂ ಕಡಗ ತಂತಿ ಹಾಕಿ ಕಟ್ಟಿದ. ಕೆಳಗ ನಿಂತ ಯಂಕಣ್ಣ ಮೆಕಾನಿಕ್ ಕಣ್ಣಿಲೆ ನೋಡಿ, ಸಡ್ಲ ಐತಿ ಪಟೇಲ್ರೀ, ಇನ್ನೊಂದು ಸುತ್ತು ಹಾಕ್ರಿ ಅಂದ. ಮೂರು ಸಲ ಬಿಚ್ಚಿಸಿ ಮೂರು ಸಲ ಕಟ್ಟಿಸಿದ. ನನಗ ಹೊಟ್ಟಿ ತಣ್ಣಗಾತು.

ಅತ್ತಿ ನಗಲಿಲ್ಲ. ವೇದಿಕಿ ಇಳದು ಆ ಹಾರದ ವಿಮಾನದ ಮುಂದ ಬಂದು ನಿಂತ್ಲು. ಹುಬ್ಬಿನ ಮ್ಯಾಲೆ ಕೈ ಇಟ್ಟು ಬಿಸಲಾಗ ಹೊಳಿಯೋ ಕಡಗ ಭಾಳ ಹೊತ್ತು ನೋಡಿದ್ಲು. ಆಮ್ಯಾಲೆ ಸೆರಗಿನ ಚುಂಗು ಎತ್ತಿ ಒಂದ ಸಲ ಬೀಸಿದ್ಲು.

“ಅವ್ವಾ, ನಿಂದು ಬಂತು ನೋಡು,” ಅಂದ್ಲು.

ಈ ಸಲ ಊರಾಗ ಯಾರೂ ನಗಲಿಲ್ಲ.