ಸೊಸೆಯೆಂಬ ರಾಮಬಾಣ

ಅಮ್ಮನ ಬಲಗೈ ಸ್ವೆಟರಿನ ತೋಳಿನೊಳಗೆ ಹೋಗಲೊಲ್ಲದೆ ಮೊಣಕೈ ಹತ್ತಿರ ಸೆಟೆದು ನಿಂತಿತು. ಮಗಳು ತೋಳನ್ನು ಹಿಂದಕ್ಕೆಳೆದುಕೊಂಡು ಮತ್ತೆ ಬೆರಳುಗಳಿಂದ ಶುರುಮಾಡಿದಳು. ಊರವರ ಬಟ್ಟೆ ಹೊಲಿದು ಹೊಲಿದು ಅಮ್ಮನ ಬೆರಳ ತುದಿಗಳು ಗಟ್ಟಿಯಾಗಿ ಹೋಗಿದ್ದವು.

"ಬೇಗ ಮುಗಿಸು ಪುಟ್ಟಿ, ಸ್ಮಶಾನದ ಗಾಡಿ ಬಂದು ನಿಂತಿದೆ," ಎಂದಳು ಅತ್ತೆ, ಅಪ್ಪನ ಅಕ್ಕ. ಆಮೇಲೆ ಬಾಗಿಲಲ್ಲಿದ್ದ ನೆರೆಮನೆಯವರ ಕಡೆ ತಿರುಗಿ, "ನಮ್ಮ ತಮ್ಮನಿಗೆ ಇವಳು ರಾಮಬಾಣ ಕಣ್ರೀ. ಮನೆಗೆ ಕಾಲಿಟ್ಟಳು, ಅವನ ಕಾಯಿಲೆ ಹೇಳಹೆಸರಿಲ್ಲದಂಗೆ ಹೋಯ್ತು."

ಅತ್ತೆಯ ಬಾಯಲ್ಲಿ ರಾಮಬಾಣಗಳಿಗೆ ಬರವಿರಲಿಲ್ಲ. ಕೆಮ್ಮಿಗೆ ಬಿಸಿನೀರು ರಾಮಬಾಣ, ಹಟಮಾರಿ ಮಕ್ಕಳಿಗೆ ಬೆತ್ತ ರಾಮಬಾಣ, ತಲೆ ಕೆಟ್ಟವನಿಗೆ ಮದುವೆ ರಾಮಬಾಣ. ಅಮ್ಮನ ಹೊಟ್ಟೆನೋವಿಗೂ ಅವಳೇ ಹೇಳಿದ್ದು: ಶಾಖ ಕೊಟ್ಕೋ, ಸಂಜೀವಿನಿ ಇದ್ದಂಗೆ. ಅಮ್ಮ ಚಳಿಗಾಲವಿಡೀ ಬಿಸಿನೀರಿನ ರಬ್ಬರ್ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡೇ ಹೊಲಿದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಗಡ್ಡೆ ಎಲ್ಲೆಡೆ ಹರಡಿತ್ತು.

ಅಪ್ಪ ಹೊಲಿಗೆ ಯಂತ್ರದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ಎದುರಿಗೆ ಅವನ ತಮ್ಮ, ಚಿಕ್ಕಪ್ಪ.

"ನಿನ್ನ ಮಗ ಹೇಗಿದಾನೋ?" ಅಪ್ಪ ಕೇಳಿದ.

"ಹಾಗೇ ಅಣ್ಣ. ಗೋಡೆ ಜೊತೆ ಮಾತಾಡ್ತಾನೆ. ನಿದ್ದೆ ಅನ್ನೋದೇ ಇಲ್ಲ. ಹೊರಗಿಂದ ಚಿಲಕ ಹಾಕಿ ಬಂದಿದೀನಿ."

"ಇನ್ನೇನು, ಹುಡುಗಿ ಸಿಕ್ಕಿದ್ಲಲ್ಲ," ಅತ್ತೆ ನಡುವೆ ಬಾಯಿ ಹಾಕಿದಳು. "ಸೇತುವೆ ಹತ್ರ ಬೇಕರೀಲಿ ಇದಾಳಲ್ಲ, ಅವಳೇ. ತಂದೆ ಇಲ್ಲ, ಎದುರು ಮಾತಾಡೋಳೂ ಅಲ್ಲ. ಬರೋ ತಿಂಗಳು ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ. ಅನುಮಾನ ಯಾಕೋ? ನಿಮ್ಮಣ್ಣ ಕಣ್ಣೆದುರಿಗೇ ಕೂತಿಲ್ವಾ?"

ಎಲ್ಲರೂ ಅಪ್ಪನನ್ನು ನೋಡಿದರು.

*

ಅಪ್ಪ ಅಮ್ಮನ ಮದುವೆಯಾದ ಹೊಸದು. ಒಂದು ಮಧ್ಯಾಹ್ನ ಅವನು ಕೋಣೆಯ ಕಿಟಕಿಗಳಿಗೆಲ್ಲ ಮೊಳೆ ಹೊಡೆದ. ಆಚೆ ಯಾರೋ ಕಿವಿಗೊಟ್ಟು ನಿಂತಿದ್ದಾರೆ ಎಂದ. ಬಾಗಿಲಿಗೆ ಬೀರು ಅಡ್ಡ ತಳ್ಳಿದ. ಅವಳು ಒಳಗೇ ಇದ್ದಳು. ಕೂಗಿಕೊಂಡಾಗ ಅವನ ತಾಯಿ ಹೊರಗಿನಿಂದ ಸಮಾಧಾನ ಹೇಳಿದಳು: "ಸ್ವಲ್ಪ ತಾಳ್ಕೋ ಮಗಾ, ನಿನ್ನನ್ನ ತಂದಿರೋದೇ ಅದಕ್ಕೆ." ತನ್ನನ್ನು ಯಾಕೆ ಮದುವೆ ಮಾಡಿಕೊಂಡರು ಎಂಬುದು ಅವಳಿಗೆ ತಿಳಿದದ್ದು ಹಾಗೆ, ಮುಚ್ಚಿದ ಬಾಗಿಲಿನ ಆಚೆಯಿಂದ.

ಸಿನಿಮಾಕ್ಕೆ ಹೋಗುತ್ತೇವೆಂದು ಸುಳ್ಳು ಹೇಳಿ ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಒಂದು ದಿನವೂ ಬಿಡಬಾರದು ಎಂದರು. ಮನೆಯಲ್ಲಿ ಗೊತ್ತಾದರೆ ಚರಂಡಿಗೆ ಎಸೆಯುತ್ತಾರೆ. ನಮ್ಮ ಮನೆತನದಲ್ಲಿ ಹುಚ್ಚರಿಲ್ಲ ಅನ್ನುವ ಜನ. ಅವಳು ಮಾತ್ರೆಗಳನ್ನು ಅಂಗಿ ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟಳು. ಕೆಲವು ವಾರ ಕಳೆದ ಮೇಲೆ ಅವನಿಗೆ ನಿದ್ದೆ ಹತ್ತಿತು. ಮೊಳೆಗಳನ್ನು ಅವನೇ ಕಿತ್ತ.

"ನನ್ನ ಗುಂಡಿ ಕೊಡೇ, ಇಲ್ದಿದ್ರೆ ತಲೆ ಕಳಚ್ಕೊಂಡು ಬೀಳುತ್ತೆ," ಅನ್ನುತ್ತಿದ್ದ ಬೆಳಗಾದರೆ. ಅವಳಿಗೆ ನಗು ಬರುತ್ತಿತ್ತು. ಹೊರಗೆ ತಾಯಿಯೂ ಅಕ್ಕನೂ ಬಂದವರೆದುರು ಸೊಸೆಯ ಕಾಲ್ಗುಣ ಹೊಗಳುತ್ತಿದ್ದರು. ಅವಳು ಇಲ್ಲವೆನ್ನಲಿಲ್ಲ. ಹೊಗಳುತ್ತಿರುವ ತನಕ ಡಬ್ಬಿಯನ್ನು ಯಾರೂ ತೆರೆಯುವುದಿಲ್ಲ.

*

"ನನ್ನ ಗುಂಡಿ ತಂದುಕೊಡು ಮಗಳೇ," ಎಂದ ಅಪ್ಪ.

ಮಗಳು ಸುತ್ತ ಕೂತವರನ್ನು ನೋಡಿದಳು. "ಇಲ್ಲೇನಾ ಅಪ್ಪಾ?"

"ಇಲ್ಲೇ."

ಅವಳು ಡಬ್ಬಿಯಿಂದ ಮಾತ್ರೆ ಬಿಡಿಸಿ, ಲೋಟದಲ್ಲಿ ನೀರು ತಂದಳು. ಅಪ್ಪ ಎಲ್ಲರಿಗೂ ಕಾಣುವಂತೆ ನುಂಗಿದ.

"ಮದುವೆಯಾದ ವರ್ಷದಿಂದ ತಗೋತಿದೀನಿ," ಎಂದ ತಮ್ಮನಿಗೆ. "ಅವಳು ಔಷಧಿ ಅಲ್ಲ ಕಣೋ. ಅವಳು ಔಷಧಿ ತಂದುಕೊಡ್ತಿದ್ಲು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಪಾಪ, ದುಃಖಕ್ಕೆ ಬಾಯಿಗೆ ಬಂದದ್ದು ಮಾತಾಡ್ತಿದಾನೆ. ಎತ್ರಪ್ಪಾ, ಹೊತ್ತಾಯ್ತು."

*

ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಮಗಳು ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಳು. ಚಿಕ್ಕಪ್ಪ ಪಕ್ಕಕ್ಕೆ ಬಂದು ನಿಂತ.

"ಆ ಮಾತ್ರೆ ಹೆಸರೇನು ಪುಟ್ಟಿ?"

ಬೆಳಗಿನಿಂದ ಮೊದಲ ಸಲ ಅವಳಿಗೆ ಉಸಿರು ಸರಾಗವಾಯಿತು. "ಹೆಸರು ಕೇಳಿ ತರೋದಲ್ಲ ಚಿಕ್ಕಪ್ಪ. ಅವನನ್ನ ಡಾಕ್ಟರಿಗೆ ತೋರಿಸಬೇಕು. ನಾಳೆ ಕರ್ಕೊಂಡು ಬನ್ನಿ, ನಾನೂ ಬರ್ತೀನಿ."

"ಕರ್ಕೊಂಡು ಬರ್ತೀನಿ. ಖಂಡಿತ ಬರ್ತೀನಿ."

"ಮತ್ತೆ ಮದುವೆ?"

"ಅದೂ ಆಗಲಿ. ದಿನಾ ಮಾತ್ರೆ ಕೊಡೋಕೆ ಮನೇಲಿ ಒಬ್ಬರು ಬೇಕಲ್ಲ."

"ಹುಡುಗಿಗೆ ಅವನ ಕಾಯಿಲೆ ವಿಷಯ ಹೇಳಿದೀರಾ?"

ಚಿಕ್ಕಪ್ಪ ನಲ್ಲಿ ತಿರುಗಿಸಿ ಬಿಗಿಯಾಗಿ ನಿಲ್ಲಿಸಿದ. "ಮೊದಲು ಆಗಲಿ ಬಿಡು. ನಿಮ್ಮಮ್ಮನಿಗೂ ಯಾರೂ ಹೇಳಿರಲಿಲ್ಲ. ಚೆನ್ನಾಗೇ ಬಾಳಿದ್ರಲ್ಲ."

ಅವಳು ಅಪ್ಪನನ್ನು ಮನೆಗೆ ಮುಟ್ಟಿಸಿ, ತಲೆಸ್ನಾನ ಮಾಡಿ, ಕೂದಲು ಒಣಗುವುದಕ್ಕೂ ಕಾಯದೆ ಸೇತುವೆಯ ಕಡೆ ನಡೆದಳು. ಬೇಕರಿಯಲ್ಲಿ ಸಂಜೆಯ ಗಿರಾಕಿಗಳು ತುಂಬಿದ್ದರು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ಹುಡುಗಿಯೊಬ್ಬಳು ಬ್ರೆಡ್ಡು ಕತ್ತರಿಸುತ್ತಿದ್ದಳು.

"ಏನು ಕೊಡ್ಲಿ ಅಕ್ಕ?"

ಮಗಳು ಬಾಯಿ ತೆರೆದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿನ ಬದಲು ಕಣ್ಣೀರು ಬಂತು.

ಹುಡುಗಿ ಚಾಕು ಕೆಳಗಿಟ್ಟಳು. ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದು, ಅಂಗಡಿಯಲ್ಲಿದ್ದ ಒಂದೇ ಸ್ಟೂಲಿನ ಮೇಲಿನ ಹಿಟ್ಟನ್ನು ತನ್ನ ಬಟ್ಟೆಯಿಂದ ಒರೆಸಿ ಅವಳನ್ನು ಕೂರಿಸಿದಳು. ಗೊಣಗುತ್ತಿದ್ದ ಗಿರಾಕಿಗಳಿಗೆ ತಾಳಿ ಎಂದು ಸನ್ನೆ ಮಾಡಿ, ಗುರುತು ಪರಿಚಯವಿಲ್ಲದ ಆ ಬೆನ್ನ ಮೇಲೆ ಕೈಯಿಟ್ಟು ನಿಂತಳು.