ಕಾರ್ಬನ್ ಹಾಳೆಯ ಕಪ್ಪು

ನಮ್ಮ ಸಂಪಾದಕ ಗೆಂಗ್ ಶಾವ್‌ಯುನ್ ಅವರದು ಕಾಮಾಲೆ ಕಣ್ಣು, ಕಂಡದ್ದೆಲ್ಲ ದೇಶದ್ರೋಹವೇ. ಬೀಜಿಂಗಿನ ಈ ಸರ್ಕಾರಿ ಪತ್ರಿಕೆಯಲ್ಲಿ ಕರಡು ತಿದ್ದುತ್ತ ಅವರ ಹತ್ತೊಂಬತ್ತು ವರ್ಷಗಳ ಗುಡುಗನ್ನು ಅಕ್ಷರ ಬಿಡದೆ ಓದಿದವಳು ನಾನು.

ಆ ಕುರ್ಚಿ ಅವರಿಗೆ ಹೇಗೆ ಸಿಕ್ಕಿತೆಂದು ಎಲ್ಲರಿಗೂ ಗೊತ್ತು. ಮೇಲಿನವರ ಸೂಚನೆ ನಮಗೆ ಫೋನಿನಲ್ಲಷ್ಟೇ ಬರುತ್ತದೆ. ಕೇಳಿಸಿಕೊಂಡವರು ದಪ್ಪ ಪುಸ್ತಕದಲ್ಲಿ ಬರೆಯಬೇಕು, ಸಂಪಾದಕರು ಓದಿ ಸಹಿ ಹಾಕಬೇಕು. ಹಿಂದಿನ ಸಂಪಾದಕರು ತಮ್ಮ ತಪ್ಪು ಮುಚ್ಚಲು ಹಾಳೆ ಹರಿದರು. ಬರೆದುಕೊಂಡಿದ್ದ ಗೆಂಗ್ ಮೊದಲೇ ಅಡಿಯಲ್ಲಿ ಕಾರ್ಬನ್ ಇಟ್ಟಿದ್ದರು. ಆ ಪ್ರತಿ ಐದನೇ ಮಹಡಿಯ ಶಿಸ್ತು ಸಮಿತಿಗೆ ಹೋಯಿತು, ಕುರ್ಚಿ ಇವರಿಗೆ ಬಂತು.

ಸೋಮವಾರ ಸಂಜೆ ನಾಲ್ಕಕ್ಕೆ ಫೋನು ಎತ್ತಿದ್ದು ನಾನು. ನೆರೆದೇಶದ ನಿಯೋಗ ನಾಳೆ ಬರುತ್ತಿದೆ, ಅವರ ಮೇಲೆ ಬಿರುನುಡಿ ಬೇಡ ಎಂದರು. ಬರೆದೆ. ಗೆಂಗ್ ಸಹಿ ಹಾಕಿ ನಕ್ಕರು.

"ಇದು ಬಲೆ, ಫಾಂಗ್. ನಾನು ಮೆತ್ತಗಾಗ್ತೀನಾ ಅಂತ ಪರೀಕ್ಷೆ ಮಾಡ್ತಿದಾರೆ. ಆ ಉಪಸಂಪಾದಕ ಬಿಯಾನ್‌ದೇ ಕಿತಾಪತಿ."

"ಮೇಲಕ್ಕೆ ಫೋನ್ ಮಾಡಿ ಕೇಳ್ಬೋದಲ್ವಾ?"

"ಕೇಳಿದ್ರೆ ಅವರನ್ನೇ ಅನುಮಾನಿಸಿದ ಹಾಗಾಗತ್ತೆ. ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಮಂಗಳವಾರ ಬೆಳಿಗ್ಗೆ ಅತಿಥಿಗಳು ವಿಮಾನದಿಂದ ಇಳಿದರು. ನಮ್ಮ ಮುಖಪುಟದಲ್ಲಿ ಅವರು ರಕ್ತಪಿಪಾಸುಗಳಾಗಿದ್ದರು.

ಹತ್ತು ಗಂಟೆಗೆ ಗೆಂಗ್ ಖುದ್ದಾಗಿ ನನ್ನ ಮೇಜಿಗೆ ಬಂದು, ಫ್ಲಾಸ್ಕಿನಿಂದ ನನ್ನ ಲೋಟಕ್ಕೆ ಬಿಸಿನೀರು ಬಗ್ಗಿಸಿದರು. ನನಗೆ ಭಯವಾಯಿತು.

"ಫಾಂಗಕ್ಕಾ, ಬರ್ಕೊಳ್ಳೋಕೆ ಮರ್ತೆ ಅಂದ್ಬಿಡಿ. ನಿಮಗೇನು, ನಾಕು ಬೈಗುಳ ತಿಂದ್ರೆ ಮುಗೀತು."

"ಪಿಂಚಣಿಗೆ ಎಂಟೇ ತಿಂಗಳಿದೆ. ಅದು ಹೋದ್ರೆ ನೀವು ಕೊಡ್ತೀರಾ?"

ಅವರು ಪುಸ್ತಕ ಎಳೆದು ಹಾಳೆ ಹರಿದರು. ಮೈಯೆಲ್ಲ ಉರಿಯಿತು ನನಗೆ. ಅವರ ತಪ್ಪಿಗೆ ನನ್ನ ಕುತ್ತಿಗೆಯೇ ಬೇಕಿತ್ತೇ?

ಹಾಳೆ ಮಡಿಸುತ್ತಿದ್ದವರು ತಟ್ಟನೆ ನಿಂತರು. ಅಂಚಿನಲ್ಲಿ ಹೆಬ್ಬೆರಳಿನ ಕಪ್ಪು ಗುರುತಿತ್ತು. ಕಾರ್ಬನ್ ಮುಟ್ಟಿದವರ ಬೆರಳು ಹೇಗಾಗುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಪ್ರತಿ ಎಲ್ಲಿ?"

"ಅವತ್ತು ನೀವು ಕೊಟ್ಟಿದ್ರಲ್ಲಾ, ಅಲ್ಲೇ. ಬೆಳಿಗ್ಗೆ ಎಂಟಕ್ಕೇ ಕೊಟ್ಟೆ."

ಈಗ ಆ ಕುರ್ಚಿಯಲ್ಲಿ ಬಿಯಾನ್ ಕೂತಿದ್ದಾರೆ. ಸಹಿ ಹಾಕುವ ಮುನ್ನ ನನ್ನ ಬೆರಳು ನೋಡುತ್ತಾರೆ.